ಚೆಕ್ಕಿನ ಅವಧಿ ಮುಗಿದರೆ ಹಣ ಮುಳುಗಿತು ಎಂದುಕೊಳ್ಳಬೇಡಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಕಾಗದಪತ್ರಗಳನ್ನು ಜೋಪಾನ ಮಾಡುವ ರೂಢಿ ಬಹಳ ಒಳ್ಳೆಯದಿದೆ. ಹೊಲದ ಉತಾರ, ಬಂಗಾರದ ರಸೀದಿ, ವಿಮೆಯ ಬಾಂಡ್ ಎಲ್ಲವೂ ಒಂದೇ ಚೀಲದಲ್ಲಿ ತಿಜೋರಿ ಸೇರುತ್ತವೆ. ಆದರೆ ಅದೇ ಚೀಲದಲ್ಲಿ ಚೆಕ್ಕನ್ನೂ ಇಟ್ಟು ಮರೆಯುವವರನ್ನು ಕಂಡರೆ ನನಗೆ ಕರುಳು ಚುರ್ ಎನ್ನುತ್ತದೆ. ಉತಾರ ಎಷ್ಟು ದಿನ ಇಟ್ಟರೂ ಅಡ್ಡಿಯಿಲ್ಲ. ಚೆಕ್ಕು ಮಾತ್ರ ಸಂತೆಯಿಂದ ತಂದ ಕೊತ್ತಂಬರಿ ಸೊಪ್ಪಿದ್ದ ಹಾಗೆ, ಕಟ್ಟಿಟ್ಟರೆ ಕೆಡುತ್ತದೆ.

ಚೆಕ್ಕಿನ ಮೇಲೆ ಬರೆದ ತಾರೀಖಿನಿಂದ ಮೂರು ತಿಂಗಳು ಮಾತ್ರ ಅದು ನಡೆಯುತ್ತದೆ. ಮೊದಲು ಆರು ತಿಂಗಳಿತ್ತು. ಕೆಲವರು ಚೆಕ್ಕನ್ನು ನಗದು ನೋಟಿನ ಹಾಗೆ ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ ಎಂಬ ಕಾರಣಕ್ಕೆ ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಅದನ್ನು ಮೂರಕ್ಕೆ ಇಳಿಸಿತು. ನನ್ನ ವಯಸ್ಸಿನವರ ತಲೆಯಲ್ಲಿ ಇನ್ನೂ ಆ ಆರು ತಿಂಗಳೇ ಕೂತಿದೆ, ಅದನ್ನು ತೆಗೆದುಹಾಕಿ. ಇನ್ನೊಂದು ಮಾತು: ಲೆಕ್ಕ ಹಿಡಿಯಬೇಕಾದದ್ದು ಹಾಳೆಯ ಮೇಲಿನ ತಾರೀಖಿನಿಂದ, ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ರೈತನಿಗೆ ಫೆಬ್ರವರಿ ಕೊನೆಗೆ ಚೆಕ್ಕು ಸಿಕ್ಕಿತು ಎನ್ನಿ, ಅದರಲ್ಲಿ ಜನವರಿ ಮೊದಲ ವಾರದ ತಾರೀಖಿದ್ದರೆ ಅರ್ಧಕ್ಕಿಂತ ಹೆಚ್ಚು ಅವಧಿ ಆಗಲೇ ಕಳೆದಿರುತ್ತದೆ. ಆದ್ದರಿಂದ ಚೆಕ್ಕು ಕೈಗೆ ಬಂದ ಕೂಡಲೇ ಮೊತ್ತ ನೋಡುವ ಮೊದಲು ಬಲಗಡೆ ಮೇಲಿರುವ ತಾರೀಖಿನ ಚೌಕಗಳನ್ನು ನೋಡಿ.

ಅವಧಿ ಮೀರಿದ ಚೆಕ್ಕನ್ನು ಬ್ಯಾಂಕಿಗೆ ಹಾಕಿದರೆ ಏನಾಗುತ್ತದೆ? ಕಾರಣ ಬರೆದ ಚೀಟಿಯೊಂದಿಗೆ ವಾಪಸು ಬರುತ್ತದೆ, ಅಷ್ಟೇ. ಕೊಟ್ಟವರ ಖಾತೆಯಲ್ಲಿ ಲಕ್ಷಗಟ್ಟಲೆ ಹಣವಿದ್ದರೂ ಪಾಸಾಗುವುದಿಲ್ಲ. ಕೌಂಟರಿನಲ್ಲಿ ಕೂತ ಹುಡುಗಿಯ ಮೇಲೆ ರೇಗುವುದರಿಂದ ಪ್ರಯೋಜನವಿಲ್ಲ, ಅವಳ ಕೈಯಲ್ಲಿ ಏನೂ ಇರುವುದಿಲ್ಲ. ಆದರೆ ಕೆಟ್ಟದ್ದು ಕಾಗದ, ಬಾಕಿಯಲ್ಲ. ನಿಮಗೆ ಬರಬೇಕಾದ ಹಣ ಬರಬೇಕಾದದ್ದೇ. ಕೊಟ್ಟವರ ಬಳಿ ಹೋಗಿ ಹೊಸ ಚೆಕ್ಕು ಬರೆಸಿಕೊಳ್ಳಬೇಕು. ಹಳೆಯದರಲ್ಲೇ ತಾರೀಖು ತಿದ್ದಿ, ಪಕ್ಕದಲ್ಲಿ ಅವರು ಪೂರ್ಣ ಸಹಿ ಮಾಡಿಕೊಡುವುದಕ್ಕೂ ಅವಕಾಶವಿದೆ. ಈಗ ಚೆಕ್ಕಿನ ಚಿತ್ರ ಕಳಿಸಿ ಹಣ ವರ್ಗಾಯಿಸುವ ಪದ್ಧತಿ ಇರುವುದರಿಂದ ಹೆಸರು, ಮೊತ್ತ ಯಾವುದನ್ನೂ ತಿದ್ದುವಂತಿಲ್ಲ, ತಾರೀಖಿಗೆ ಮಾತ್ರ ಆ ವಿನಾಯಿತಿ. ಆದರೂ ತಿದ್ದಿದ ಚೆಕ್ಕಿಗೆ ಬ್ಯಾಂಕಿನವರು ಹತ್ತು ಪ್ರಶ್ನೆ ಕೇಳುತ್ತಾರೆ, ಹೊಸದನ್ನೇ ತೆಗೆದುಕೊಳ್ಳಿ.

ಹೊಸ ಚೆಕ್ಕು ಕೇಳುವುದಕ್ಕೆ ನಮ್ಮ ಹೆಣ್ಣುಮಕ್ಕಳು ಬಹಳ ಸಂಕೋಚ ಪಡುತ್ತಾರೆ, ಅದರಲ್ಲೂ ಮದುವೆಯ ಆಹೇರಿಯ ಚೆಕ್ಕಾದರೆ. ನನ್ನ ತಂಗಿಯ ಸೊಸೆಗೆ ಹೀಗೇ ಆಗಿತ್ತು. ಗದಗಿನ ಸೋದರಮಾವ ಕೊಟ್ಟ ಲಕೋಟೆ ರೇಷ್ಮೆ ಸೀರೆಯ ಮಡಿಕೆಯೊಳಗೆ ಉಳಿದುಬಿಟ್ಟಿತ್ತು, ದೀಪಾವಳಿಗೆ ಸೀರೆ ತೆಗೆದಾಗ ಅರಿಶಿನದ ಬೆರಳ ಗುರುತು ಹತ್ತಿದ ಆ ಲಕೋಟೆ ಕೆಳಗೆ ಬಿತ್ತು. ಹುಡುಗಿ ಅಳುವುದೊಂದೇ ಬಾಕಿ. ನಾನೇ ಫೋನ್ ಹಚ್ಚಿಕೊಟ್ಟು, «ಮಾವಾ, ನೀವು ಪ್ರೀತಿಯಿಂದ ಕೊಟ್ಟ ಚೆಕ್ಕಿನ ಅವಧಿ ಮುಗಿದಿದೆ, ಹಳೆಯದನ್ನು ನಿಮಗೇ ತಂದುಕೊಡುತ್ತೇನೆ» ಎಂದು ನೇರವಾಗಿ ಹೇಳಲು ಹೇಳಿದೆ. ಮಾವನಿಗೆ ಸಿಟ್ಟು ಬರಲಿಲ್ಲ. ಆ ಹಣ ಖಾತೆಯಿಂದ ಏಕೆ ಕಡಿಮೆಯಾಗಿಲ್ಲ ಎಂದು ಅವರೂ ಯೋಚಿಸುತ್ತಿದ್ದರಂತೆ. ಹಳೆಯ ಚೆಕ್ಕನ್ನು ಹೀಗೆ ಮರಳಿಸುವುದು ಬಹಳ ಮುಖ್ಯ. ಎರಡು ಸಲ ಹಣ ಹೋದೀತು ಎಂಬ ಅವರ ಹೆದರಿಕೆ ಅಲ್ಲಿಗೆ ಮುಗಿಯುತ್ತದೆ. ಬರೆದುಕೊಡುವವರು ನೀವಾಗಿದ್ದರೆ ಹಳೆಯದನ್ನು ಈಸಿಕೊಂಡು ಹರಿದುಹಾಕಿ. ಅದು ಕಳೆದಿದೆ ಎಂದರೆ ಬ್ಯಾಂಕಿಗೆ ಬರೆದುಕೊಟ್ಟು ಆ ನಂಬರಿನ ಪಾವತಿಯನ್ನು ತಡೆಸಿ, ಆಮೇಲೆ ಹೊಸದಕ್ಕೆ ಸಹಿ ಹಾಕಿ.

ವ್ಯಾಪಾರದ ಬಾಕಿಯಾದರೆ ಇಷ್ಟು ಸಲೀಸಲ್ಲ. «ಸ್ವಲ್ಪ ತಡೆದು ಹಾಕಿರಿ, ಖಾತೆಯಲ್ಲಿ ಹಣ ಬರುವುದಿದೆ» ಎಂದು ಹೇಳಿಹೇಳಿಯೇ ಮೂರು ತಿಂಗಳು ದಾಟಿಸುವವರಿದ್ದಾರೆ. ಇದಕ್ಕೆ ಒಪ್ಪಲೇಬೇಡಿ. ಅವಧಿಯೊಳಗೆ ಹಾಕಿದ ಚೆಕ್ಕು ಹಣವಿಲ್ಲದೆ ವಾಪಸು ಬಂದರೆ ನಿಮಗೆ ಚೆಕ್ಕುಗಳಿಗೆ ಸಂಬಂಧಿಸಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ ಬಲವಿದೆ: ವಾಪಸಾದ ಸುದ್ದಿ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ಅದು ತಲುಪಿದ 15 ದಿನಗಳಲ್ಲಿ ಅವರು ಹಣ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು ಕೊಡಬಹುದು. ಅವಧಿ ಮೀರಿದ ಚೆಕ್ಕಿಗೆ ಈ ಬಲವಿಲ್ಲ. ಆಗ ಉಳಿಯುವುದು ಸಿವಿಲ್ ದಾವೆಯ ದಾರಿ, ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷದ ಮಿತಿ ಇದೆ. ದಲಾಲಿ ಅಂಗಡಿಯವರು ಎಷ್ಟೇ ಪರಿಚಯದವರಾಗಿರಲಿ, ಚೆಕ್ಕನ್ನು ಸಮಯಕ್ಕೆ ಹಾಕಿ. ಹಳೆಯ ಚೆಕ್ಕನ್ನು ಮರಳಿಸುವ ಮೊದಲು ಅದರ ಎರಡೂ ಬದಿಯ ಜೆರಾಕ್ಸ್ ತೆಗೆದಿಟ್ಟುಕೊಳ್ಳಿ, ಬಾಕಿ ಇತ್ತು ಎನ್ನುವುದಕ್ಕೆ ಒಂದು ಆಧಾರ ಉಳಿಯುತ್ತದೆ.

ಡಿ.ಡಿ.ಗೂ ಮೂರು ತಿಂಗಳೇ. ಅದರ ಹಣವನ್ನು ಬ್ಯಾಂಕು ಮೊದಲೇ ತೆಗೆದುಕೊಂಡಿರುತ್ತದೆ, ಆದ್ದರಿಂದ ಡಿ.ಡಿ. ತೆಗೆಸಿದವರು ಮೂಲ ಹಾಳೆಯೊಂದಿಗೆ ಅದೇ ಬ್ಯಾಂಕಿಗೆ ಅರ್ಜಿ ಕೊಟ್ಟು ಅವಧಿ ನವೀಕರಿಸಿಕೊಳ್ಳಬೇಕು. ಮಕ್ಕಳ ಕಾಲೇಜಿನ ಶುಲ್ಕಕ್ಕೆ ತೆಗೆಸಿ, ಸೀಟು ಬೇರೆಡೆ ಸಿಕ್ಕಿದ್ದರಿಂದ ಉಳಿದ ಡಿ.ಡಿ.ಗಳನ್ನು ಒಮ್ಮೆ ಹುಡುಕಿ ನೋಡಿ.

ಬ್ಯಾಂಕುಗಳೇ ವಿಲೀನವಾಗುವ ಕಾಲವಿದು. ನಮ್ಮ ಧಾರವಾಡದಲ್ಲಿ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲೇ ಕೆನರಾ ಬ್ಯಾಂಕನ್ನು ಸೇರಿತ್ತು. ಹಳೆಯ ಹೆಸರಿನ ಚೆಕ್ಕು ಯಾರಾದರೂ ಕೊಟ್ಟರೆ, ತಾರೀಖು ತಾಜಾ ಇದ್ದರೂ ಆ ಹಾಳೆ ನಡೆಯುತ್ತದೆಯೇ ಎಂದು ಶಾಖೆಯಲ್ಲಿ ಕೇಳಿಯೇ ತೆಗೆದುಕೊಳ್ಳಿ.

ಇನ್ನು ಚೆಕ್ಕು ಬರೆದವರು ತೀರಿಕೊಂಡಿದ್ದರೆ, ಆ ಸುದ್ದಿ ತಿಳಿದ ಮೇಲೆ ಬ್ಯಾಂಕು ಅವಧಿಯೊಳಗಿನ ಚೆಕ್ಕಿಗೂ ಹಣ ಕೊಡುವುದಿಲ್ಲ. ಆಗ ಅವರ ವಾರಸುದಾರರನ್ನು ಕೇಳಬೇಕು. ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಆ ಬಾಕಿ ತೀರಿಸುವ ಹೊಣೆ ವಾರಸುದಾರರ ಮೇಲಿದೆ. ದುಃಖದ ಮನೆಗೆ ಹದಿಮೂರು ದಿನ ಹೋಗಿ ಕೇಳಬೇಡಿ. ಕರ್ಮಗಳು ಮುಗಿದ ಮೇಲೆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಚೆಕ್ಕು ಮತ್ತು ಲೆಕ್ಕದ ಚೀಟಿ ಎರಡನ್ನೂ ಮುಂದಿಟ್ಟು ಮಾತನಾಡಿ.