ಸೊನ್ನೆಯೋ, ದತ್ತಾಂಶವೇ ಇಲ್ಲವೋ: ಎಐ ಏಜೆಂಟಿಗೆ ಮೆಟ್ರಿಕ್ಸ್ ಒದಗಿಸಿದ ನನ್ನ ಅನುಭವ

ನಮ್ಮ ಅಪ್ಲಿಕೇಶನ್‌ಗಳ ಮೆಟ್ರಿಕ್ಸ್ (ರಿಕ್ವೆಸ್ಟ್‌ಗಳ ಎಣಿಕೆ, ದೋಷಗಳು, ತಗಲುವ ಸಮಯದಂತಹ ಅಳತೆಗಳು) ಎಲ್ಲವೂ ಪ್ರಾಮಿಥಿಯಸ್ ಎಂಬ ಮಾನಿಟರಿಂಗ್ ವ್ಯವಸ್ಥೆಯಲ್ಲಿ ಸಂಗ್ರಹವಾಗುತ್ತವೆ. ಯಾವುದಾದರೂ ಸರ್ವಿಸ್ ನಿಧಾನವಾದಾಗ ಕಾರಣ ಹುಡುಕುವ ಮೊದಲ ಸುತ್ತಿನ ಕೆಲಸವನ್ನು ಎಐ ಏಜೆಂಟಿಗೆ ಒಪ್ಪಿಸುವುದೆಂದು ತಂಡ ತೀರ್ಮಾನಿಸಿದ ಮೇಲೆ, ಅದು ಮೆಟ್ರಿಕ್ಸ್ ಕೇಳಿ ಪಡೆಯಲು ಬೇಕಾದ ಟೂಲ್ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಸಂಪರ್ಕಕ್ಕೆ, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ, ಎಐ ಮಾದರಿಗಳನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಬಳಸಿದೆ. ಆ ಭಾಗದಲ್ಲಿ ಹೆಚ್ಚು ತೊಡಕಿಲ್ಲ: ಸರ್ವರ್ ತನ್ನ ಟೂಲ್‌ಗಳ ಹೆಸರು, ವಿವರಣೆ ಮತ್ತು ಇನ್‌ಪುಟ್ ಸ್ಕೀಮಾ (ಯಾವ ಇನ್‌ಪುಟ್ ಯಾವ ರೂಪದಲ್ಲಿರಬೇಕೆಂಬ ವಿವರ) ತಿಳಿಸುತ್ತದೆ, ಏಜೆಂಟ್ ತನಗೆ ಬೇಕಾದುದನ್ನು ಕರೆಯುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಟೂಲ್ ಕೊಡುವ ಉತ್ತರ ಯಾವ ರೂಪದಲ್ಲಿರಬೇಕು ಎಂಬ ವಿಷಯದಲ್ಲಿ.

ಪ್ರಾಮಿಥಿಯಸ್‌ನ ಕ್ವೆರಿ ಭಾಷೆಯಾದ ಪ್ರಾಮ್‌ಕ್ಯೂಎಲ್‌ನಲ್ಲಿ ಬರೆದ ಕ್ವೆರಿಯನ್ನು ಪಡೆದು ಫಲಿತಾಂಶವನ್ನು ಹಾಗೆಯೇ ಹಿಂದಿರುಗಿಸುವ ಒಂದೇ ಒಂದು ಟೂಲ್‌ನಿಂದ ಆರಂಭಿಸಿದೆ. ಏಜೆಂಟ್ ಬರೆಯುವ ಕ್ವೆರಿಗಳು ವ್ಯಾಕರಣದ ಮಟ್ಟಿಗೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ, ಆದರೆ ಲೇಬಲ್‌ಗಳ (ಮೆಟ್ರಿಕ್ ಅನ್ನು ವಿಂಗಡಿಸುವ ಗುರುತುಗಳ) ಹೆಸರನ್ನು ಅದು ಊಹಿಸಿಕೊಳ್ಳುತ್ತದೆ. ನಮ್ಮಲ್ಲಿ ಎಚ್‌ಟಿಟಿಪಿ ಉತ್ತರದ ಸಂಖ್ಯೆ ‘ಕೋಡ್’ ಎಂಬ ಲೇಬಲ್‌ನಲ್ಲಿದೆ. ಏಜೆಂಟ್ ‘ಸ್ಟೇಟಸ್’ ಎಂಬ ಲೇಬಲ್‌ನಲ್ಲಿ ಸರ್ವರ್ ದೋಷವನ್ನು ಸೂಚಿಸುವ 500 ಹುಡುಕಿತು. ಇಲ್ಲದ ಲೇಬಲ್ ಕೇಳಿದರೆ ಪ್ರಾಮಿಥಿಯಸ್ ಎರರ್ ಕೊಡುವುದಿಲ್ಲ, ಕ್ವೆರಿ ಯಶಸ್ವಿಯೆಂದು ಹೇಳಿ ಖಾಲಿ ಪಟ್ಟಿಯನ್ನು ಕೊಡುತ್ತದೆ. ಅದನ್ನು ನೋಡಿದ ಏಜೆಂಟ್ ‘ಈ ಅವಧಿಯಲ್ಲಿ ಯಾವುದೇ ಸರ್ವರ್ ದೋಷ ಸಂಭವಿಸಿಲ್ಲ’ ಎಂದು ನಿಸ್ಸಂಕೋಚವಾಗಿ ವರದಿ ಬರೆಯಿತು. ಡ್ಯಾಶ್‌ಬೋರ್ಡ್‌ನಲ್ಲಿ ಖಾಲಿ ಗ್ರಾಫ್ ಕಂಡರೆ ಮನುಷ್ಯನಿಗೆ ಅನುಮಾನ ಬರುತ್ತದೆ. ಏಜೆಂಟಿಗೆ ಆ ಅನುಮಾನವನ್ನು ಟೂಲ್ ಹುಟ್ಟಿಸಬೇಕು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅಪ್ಲಿಕೇಶನ್‌ನೊಳಗಿಂದ ಮೆಟ್ರಿಕ್ಸ್ ದಾಖಲಿಸುವ ಹೆಚ್ಚಿನ ಕ್ಲೈಂಟ್ ಲೈಬ್ರರಿಗಳಲ್ಲಿ, ಲೇಬಲ್ ಇರುವ ಕೌಂಟರ್‌ನ (ಏರುತ್ತಾ ಹೋಗುವ ಎಣಿಕೆಯ) ಒಂದು ಸರಣಿ, ಅಂದರೆ ಒಂದು ಲೇಬಲ್ ಮೌಲ್ಯದ ಅಂಕಿಗಳ ಸಾಲು, ಹುಟ್ಟುವುದೇ ಆ ಲೇಬಲ್ ಮೌಲ್ಯವನ್ನು ಮೊದಲ ಬಾರಿ ಬಳಸಿದಾಗ. ಆದ್ದರಿಂದ ಒಂದೂ ದೋಷ ಸಂಭವಿಸದ ಸರ್ವಿಸ್‌ನಲ್ಲಿ 500ರ ಸರಣಿ ಇರುವುದಿಲ್ಲ, ಅಲ್ಲಿ ಖಾಲಿ ಉತ್ತರಕ್ಕೆ ಸೊನ್ನೆ ಎಂದೇ ಅರ್ಥ. ಇವೆರಡನ್ನೂ ಬೇರ್ಪಡಿಸಲು, ಫಲಿತಾಂಶ ಖಾಲಿಯಾದ ಕೂಡಲೇ ಟೂಲ್ ತಾನೇ ಮೆಟ್ರಿಕ್ ಇದೆಯೇ, ಲೇಬಲ್ ಇದೆಯೇ, ಆ ಸರ್ವಿಸ್ ಅನ್ನು ಪ್ರಾಮಿಥಿಯಸ್ ತಲುಪಿತೇ ಎಂದು ಹೇಳುವ ‘ಅಪ್’ ಮೌಲ್ಯ 1 ಇದೆಯೇ, ಒಟ್ಟು ರಿಕ್ವೆಸ್ಟ್‌ಗಳ ಎಣಿಕೆ ಏರುತ್ತಿದೆಯೇ ಎಂದು ಪರೀಕ್ಷಿಸುವಂತೆ ಮಾಡಿದೆ. ಈಗ ಖಾಲಿ ಪಟ್ಟಿಯ ಬದಲು ‘ಸ್ಟೇಟಸ್ ಎಂಬ ಲೇಬಲ್ ಇಲ್ಲ, ಇರುವವು ಕೋಡ್, ಮೆಥಡ್, ಹ್ಯಾಂಡ್ಲರ್’ ಎಂದೋ, ‘ರಿಕ್ವೆಸ್ಟ್‌ಗಳು ದಾಖಲಾಗುತ್ತಿವೆ, 500 ಒಮ್ಮೆಯೂ ಕಂಡಿಲ್ಲ’ ಎಂದೋ, ‘ಈ ಸರ್ವಿಸ್‌ನಿಂದ ದತ್ತಾಂಶವೇ ಬರುತ್ತಿಲ್ಲ’ ಎಂದೋ ವಾಕ್ಯರೂಪದ ಉತ್ತರ ಹೋಗುತ್ತದೆ. ಇಡೀ ಟೂಲ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ.

ಲೇಟೆನ್ಸಿಗಾಗಿ, ಅಂದರೆ ಉತ್ತರಕ್ಕೆ ತಗಲುವ ಸಮಯಕ್ಕಾಗಿ, ಪ್ರತ್ಯೇಕ ಟೂಲ್ ಬರೆದೆ, ಏಕೆಂದರೆ ಸರ್ವಿಸ್‌ನ ಪ್ರತಿ ಇನ್‌ಸ್ಟೆನ್ಸ್‌ನ (ಓಡುತ್ತಿರುವ ಪ್ರತಿಯ) 95ನೇ ಪರ್ಸೆಂಟೈಲ್ (ನೂರರಲ್ಲಿ 95 ರಿಕ್ವೆಸ್ಟ್‌ಗಳು ಮುಗಿಯುವಷ್ಟು ಸಮಯ) ತೆಗೆದು ಅವುಗಳ ಸರಾಸರಿ ಹಾಕುವ ಚಾಳಿ ಏಜೆಂಟಿಗೂ ಇದೆ. ಹಾಗೆ ಬಂದ ಸರಾಸರಿ ಇಡೀ ಸರ್ವಿಸ್‌ನ ಪರ್ಸೆಂಟೈಲ್ ಆಗುವುದಿಲ್ಲ. ಮೊದಲು ಹಿಸ್ಟೋಗ್ರಾಮ್‌ನ ಬಕೆಟ್‌ಗಳನ್ನು (ತಗಲಿದ ಸಮಯದ ಮಿತಿಗಳ ಪ್ರಕಾರ ರಿಕ್ವೆಸ್ಟ್‌ಗಳನ್ನು ಎಣಿಸಿಡುವ ಗುಂಪುಗಳನ್ನು) ಕೂಡಿಸಿ, ಆಮೇಲೆ ಪರ್ಸೆಂಟೈಲ್ ಲೆಕ್ಕ ಹಾಕುವ ಕೆಲಸವನ್ನು ಟೂಲ್ ಒಳಗೇ ಇಟ್ಟೆ. ಪರ್ಸೆಂಟೈಲ್ ಮೇಲಿನ ಮಿತಿಯಿಲ್ಲದ ಕೊನೆಯ ಅನಂತ ಬಕೆಟ್‌ನೊಳಗೆ ಬಿದ್ದರೆ ಪ್ರಾಮಿಥಿಯಸ್ ಅದಕ್ಕಿಂತ ಹಿಂದಿನ ಬಕೆಟ್‌ನ ಮೇಲಿನ ಗಡಿಯನ್ನೇ ಉತ್ತರವಾಗಿ ಕೊಡುತ್ತದೆ. ಗೋ ಭಾಷೆಯ ಲೈಬ್ರರಿಯ ಡೀಫಾಲ್ಟ್ ಬಕೆಟ್‌ಗಳಲ್ಲಿ ಆ ಗಡಿ 10 ಸೆಕೆಂಡ್. ರಿಕ್ವೆಸ್ಟ್ ಅರ್ಧ ನಿಮಿಷ ತೆಗೆದುಕೊಂಡರೂ ಕಾಣುವುದು 10. ಏಜೆಂಟ್ ಅದನ್ನು ‘ಲೇಟೆನ್ಸಿ 10 ಸೆಕೆಂಡ್‌ಗೆ ಸ್ಥಿರವಾಗಿದೆ’ ಎಂದು ಓದುತ್ತಿತ್ತು. ಈಗ ಅಂತಹ ಉತ್ತರದ ಜೊತೆ ‘ಕನಿಷ್ಠ 10 ಸೆಕೆಂಡ್, ನಿಜವಾದ ಮೌಲ್ಯ ಇದಕ್ಕಿಂತ ಹೆಚ್ಚಿರಬಹುದು’ ಎಂಬ ಸಾಲು ಸೇರಿರುತ್ತದೆ.

ಉತ್ತರದ ಗಾತ್ರದ ಬಗ್ಗೆಯೂ ಯೋಚಿಸಬೇಕಾಯಿತು. 15 ಸೆಕೆಂಡಿಗೊಂದರಂತೆ 24 ಗಂಟೆಗಳ ಅಂಕಿಗಳನ್ನು ಕೇಳಿದರೆ ಒಂದೇ ಸರಣಿಗೆ 5,760 ಬಿಂದುಗಳಾಗುತ್ತವೆ; ಇಂತಹ ಹಲವು ಸರಣಿಗಳು ಬಂದರೆ ಏಜೆಂಟಿನ ಕಾಂಟೆಕ್ಸ್ಟ್ (ಅದು ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯ) ತುಂಬಿಹೋಗಿ ಮೂಲ ಪ್ರಶ್ನೆಯೇ ಹಿಂದೆ ಬೀಳುತ್ತದೆ. ಹಾಗಾಗಿ ಕನಿಷ್ಠ, ಗರಿಷ್ಠ, ಮಧ್ಯಾಂಕ, ಗಮನಾರ್ಹ ಬದಲಾವಣೆಯಾದ ವೇಳೆ ಹಾಗೂ ಹಿಂದಿನ ವಾರದ ಇದೇ ಅವಧಿಯ ಮೌಲ್ಯ ಇಷ್ಟನ್ನೇ ಕೊಡುತ್ತೇನೆ. ಹಿಂದಿನ ವಾರದ ಹೋಲಿಕೆಯನ್ನು ಸೇರಿಸಿದ ಮೇಲೆ, ದಿನನಿತ್ಯದ ಏರಿಳಿತವನ್ನೇ ಸಮಸ್ಯೆಯೆಂದು ಕರೆಯುವುದು ಬಹಳ ಕಡಿಮೆಯಾಯಿತು.

ಉಳಿದವು ಸಣ್ಣ ಏರ್ಪಾಡುಗಳು. ಪ್ರತಿ ಸಂಖ್ಯೆಯ ಜೊತೆ ಏಕಮಾನ ಇರುತ್ತದೆ, ಸಮಯವೆಲ್ಲ ಯುಟಿಸಿಯಲ್ಲಿರುತ್ತದೆ, ‘ಕಳೆದ 30 ನಿಮಿಷ’ ಎಂದು ಕೇಳಿದರೆ ಆರಂಭ ಮತ್ತು ಅಂತ್ಯದ ವೇಳೆಯನ್ನು ಟೂಲ್ ಬಿಡಿಸಿ ಹೇಳುತ್ತದೆ. ಟೂಲ್‌ಗೆ ಓದುವ ಅನುಮತಿ ಮಾತ್ರ ಇದೆ, ಕ್ವೆರಿಗಳಿಗೆ ಟೈಮ್‌ಔಟ್ ಇದೆ. ಆದರೆ ಯಾವ ಸರ್ವಿಸ್, ಯಾವಾಗ ನಿಧಾನವಾಯಿತು ಎಂಬುದರಾಚೆಗೆ ಮೆಟ್ರಿಕ್ಸ್ ಹೆಚ್ಚೇನೂ ಹೇಳಲಾರವು. ಯಾವ ರಿಕ್ವೆಸ್ಟ್ ಎಲ್ಲಿ ಸಿಲುಕಿತು ಎಂದು ತಿಳಿಯಲು ಟ್ರೇಸ್, ಅಂದರೆ ಆ ರಿಕ್ವೆಸ್ಟ್ ಸಾಗಿದ ಹಾದಿಯ ದಾಖಲೆ, ಬೇಕು. ಆದ್ದರಿಂದ ಹಿಸ್ಟೋಗ್ರಾಮ್‌ನಲ್ಲಿ ಎಕ್ಸೆಂಪ್ಲರ್ (ಅಂಕಿಯ ಜೊತೆ ಉಳಿಸಿದ ಒಂದು ಮಾದರಿ ರಿಕ್ವೆಸ್ಟ್‌ನ ಗುರುತು) ಲಭ್ಯವಿದ್ದಾಗ ಅದರ ಟ್ರೇಸ್ ಐಡಿಯನ್ನೂ ಉತ್ತರದಲ್ಲಿ ಸೇರಿಸುತ್ತಿದ್ದೇನೆ, ಅಲ್ಲಿಂದ ಮುಂದಿನ ಹುಡುಕಾಟವನ್ನು ಏಜೆಂಟ್ ಟ್ರೇಸ್‌ಗಳಲ್ಲಿ ಮುಂದುವರಿಸುತ್ತದೆ.