ಬೇಸಿಗೆಯಲ್ಲಿ ನೀರು ಹಾಕಿ ಬೇಸ್‌ಮೆಂಟ್ ಒಣಗಿಸಿದ ನನ್ನ ಅನುಭವ

2024, 2025ರ ಎರಡು ಮಳೆಗಾಲ ಕಳೆದವು. ನಮ್ಮ ಮನೆ ಬೇಸ್‌ಮೆಂಟಿನಲ್ಲಿ ಒಂದು ಹನಿ ನೀರು ಒಸರಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ 2024ರ ಫೆಬ್ರುವರಿಯಲ್ಲಿ ನಾನು ಗೋಡೆ ಹೊರಗಿನ ನೆಲದಲ್ಲಿ ಹನಿ ಹನಿಯಾಗಿ ನೀರು ಬಿಡುವ ಡ್ರಿಪ್ ಪೈಪು ಎಳೆದಾಗ ಓಣಿಯಲ್ಲಿ ಒಬ್ಬರೂ ನಂಬಲಿಲ್ಲ. "ಏನ್ರಿ ಇದು, ನೀರ ಬರಬಾರ್ದಂತ ನೀವ ನೀರ ಹಾಕಾಕತ್ತೀರಿ?" ಎಂದು ಪಕ್ಕದ ಮನೆ ಕಾಕಾ ಕೇಳಿದರು. ನಮ್ಮ ಗೌಂಡಿಯಂತೂ, "ಸಾಹೇಬ್ರ, ನಾಳೆ ಗ್ವಾಡಿ ಬಿರುಕ ಬಿಟ್ರ ನನ್ನ ಹೆಸರ ಹೇಳಬ್ಯಾಡ್ರಿ" ಎಂದ. ಈಗ ಅದೇ ಗೌಂಡಿ ಇನ್ನೆರಡು ಮನೆಯವರನ್ನು ಕರೆದುಕೊಂಡು ಬಂದು ನಮ್ಮ ಗೋಡೆ ತೋರಿಸಿ ಹೋಗಿದ್ದಾನೆ.

ನಮ್ಮದು ಹುಬ್ಬಳ್ಳಿ, ಗದಗ ರಸ್ತೆ ಕಡೆ. ಪೂರ್ತಿ ಎರೆ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಧಾರವಾಡದ ಕೆಂಪು ಮಣ್ಣಿನ ಮೇಲೆ ಮನೆ ಇದ್ದವರಿಗೆ ಈ ಉಪಾಯ ಬೇಕಾಗಲಿಕ್ಕಿಲ್ಲ. ಬೇಸ್‌ಮೆಂಟ್ ಸುಮಾರು 12 ಫೂಟು ಅಗಲ, 20 ಫೂಟು ಉದ್ದ. ನಾಲ್ಕೂವರೆ ಫೂಟು ಮಣ್ಣಿನೊಳಗಿದೆ. ಎರಡು ಗೋಡೆಗೆ ಹೊರಗೆ ಮಣ್ಣು ತಾಗಿದೆ, ಇನ್ನೆರಡು ಕಡೆ ಇಳಿಜಾರು, ಅಲ್ಲಿ ತೊಂದರೆ ಇಲ್ಲ. ನನ್ನ ಹೆಂಡತಿ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಜೋಳ, ಹಿಟ್ಟು, ಪ್ಯಾಕ್ ಮಾಡಿದ ರೊಟ್ಟಿ ಎಲ್ಲ ಅಲ್ಲೇ. ಅಂದರೆ ಆ ಕೋಣೆ ಹಸಿ ಹಿಡಿದರೆ ನಮ್ಮ ದುಡಿಮೆಗೇ ಪೆಟ್ಟು.

2019ರ ಆಗಸ್ಟ್ ಮಳೆ ಎಲ್ಲರಿಗೂ ನೆನಪಿದೆ ಅಲ್ವಾ. ಒಂದು ರಾತ್ರಿಯಲ್ಲಿ ಒಳಗೆ ಗೇಣುದ್ದ ನೀರು ನಿಂತಿತು. ಒಂಬತ್ತು ಚೀಲ ಜೋಳ ಮೊಳಕೆ ಬಂದು, ನಾತ ಹಿಡಿದು, ದನಕ್ಕೂ ಬೇಡವಾಯಿತು. ಆಗಿನ ರೇಟಿನಲ್ಲಿ 25 ಸಾವಿರ ಹೋಯಿತು.

2020ರಲ್ಲಿ ಒಳಗಿನಿಂದ ಕೆಮಿಕಲ್ ಕೋಟಿಂಗ್ ಹೊಡೆಸಿದೆ. ಖರ್ಚು ಸುಮಾರು 38 ಸಾವಿರ. ಮೊದಲ ಮಳೆಗಾಲ ತಡೆಯಿತು. ಎರಡನೆಯ ಮಳೆಗಾಲಕ್ಕೆ ಕೋಟಿಂಗ್ ಹಪ್ಪಳದ ಹಾಗೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಳಗಿನಿಂದ ನೀರು ಚಿಮ್ಮುತ್ತಿತ್ತು. ಹೊರಗಿನ ನೀರು ಹಿಂದಿನಿಂದ ದಬ್ಬುವಾಗ ಮುಂದೆ ಏನು ಹಚ್ಚಿದರೂ ಅದು ಕಿತ್ತು ಬರುತ್ತದೆ. ಇಷ್ಟು ತಿಳಿಯದೆ 2021ರಲ್ಲಿ ಅದರ ಮೇಲೆ ಟೈಲ್ಸ್ ಹಾಕಿಸಿದೆ, ಮತ್ತೆ 24 ಸಾವಿರ. ಟೈಲ್ಸ್ ಪೊಳ್ಳಾದವು, ಸಂದುಗಳಲ್ಲಿ ಸವಳು, ಅಂದರೆ ಗೋಡೆಯ ಉಪ್ಪು, ಬಿಳಿ ಹೂವಿನ ಹಾಗೆ ಅರಳಿತು. ಒಬ್ಬ ಕಾಂಟ್ರ್ಯಾಕ್ಟರ್ ಗೋಡೆಗೆ ತೂತು ಹೊಡೆದು ನೀರು ತಡೆಯುವ ಕೆಮಿಕಲ್ ತುಂಬಲು ಒಂದು ಲಕ್ಷ ಅರವತ್ತು ಸಾವಿರ ಹೇಳಿದ. ಅಷ್ಟು ದುಡ್ಡು ಇರಲಿಲ್ಲ. ಇಲ್ಲದ್ದು ಒಳ್ಳೆಯದೇ ಆಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದ್ದು 2022ರ ಬೇಸಿಗೆಯಲ್ಲಿ. ಎರೆ ಮಣ್ಣು ಬಿಸಿಲಿಗೆ ಹೇಗೆ ಬಾಯಿ ಬಿಡುತ್ತದೆ ಎಂದು ನಮಗ್ಯಾರೂ ಹೇಳಿಕೊಡಬೇಕಿಲ್ಲ. ಗೋಡೆಗೆ ಹತ್ತಿಕೊಂಡೇ ಒಂದು ಬಿರುಕು ಉದ್ದಕ್ಕೆ ಹೋಗಿತ್ತು. ಮೂರು ಫೂಟಿನ ಕಬ್ಬಿಣದ ಸಳಿ ಬಿಟ್ಟರೆ ಪೂರ್ತಿ ಇಳಿಯಿತು. ಬಿರುಕು ಮುಚ್ಚಿದರೆ ನೀರು ಇಳಿಯುವುದಿಲ್ಲ ಎಂದುಕೊಂಡು ಅದರ ತುಂಬ ಉಸುಕು ಸುರಿದೆ. ಮಳೆ ಬಂತು. ಮಣ್ಣು ಉಬ್ಬಿತು. ಮೊದಲಾದರೆ ಉಬ್ಬಿದ ಮಣ್ಣು ಬಿರುಕಿನೊಳಗೆ ಸರಿಯುತ್ತಿತ್ತು. ಈಗ ಅಲ್ಲಿ ಉಸುಕು ಕೂತಿದೆ, ಮಣ್ಣಿಗೆ ಹೋಗಲು ಜಾಗ ಇಲ್ಲ. ಅದು ಗೋಡೆಯನ್ನೇ ದಬ್ಬಿತು. ಆಗಸ್ಟಿನಲ್ಲಿ ಒಳಗೆ ಗೋಡೆಯ ನಡುಮಟ್ಟದಲ್ಲಿ ಅಡ್ಡ ಸೀಳು ಬಂತು, ಆರೇಳು ಫೂಟು ಉದ್ದ. ದಯವಿಟ್ಟು ಯಾರೂ ಬಿರುಕಿಗೆ ಉಸುಕು, ಖಡಿ, ಸಿಮೆಂಟು ತುಂಬಬೇಡಿ. ಆ ಸೀಳಿನ ಎರಡೂ ಬದಿಗೆ ಪೆನ್ಸಿಲ್ ಗೆರೆ ಹಾಕಿ ಇವತ್ತಿಗೂ ತಿಂಗಳಿಗೊಮ್ಮೆ ಅಳೆಯುತ್ತೇನೆ. ಈಗ ನಿಂತಿದೆ.

ದಾರಿ ಸಿಕ್ಕಿದ್ದು ರಂಗಪಂಚಮಿಯಿಂದ. 2023ರಲ್ಲಿ ಹುಡುಗರು ಆಡಿ ಬಿಟ್ಟ ಗುಲಾಬಿ ಬಣ್ಣದ ನೀರು ಅರ್ಧ ಬ್ಯಾರಲ್ ಉಳಿದಿತ್ತು. ಸುಮ್ನೆ ಗಟಾರಕ್ಕೆ ಚೆಲ್ಲುವ ಬದಲು ಎರಡು ಕೊಡ ಗೋಡೆ ಪಕ್ಕ ಮತ್ತೆ ಬಾಯಿ ಬಿಟ್ಟ ಬಿರುಕಿಗೆ ಸುರಿದೆ. ಗಟಗಟ ಕುಡಿದುಬಿಟ್ಟಿತು, ಮೇಲೆ ಒಂದು ಲೋಟ ಕೂಡ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಟರಿ ಹಿಡಿದು ಒಳಗೆ ಇಳಿದರೆ, ಗೋಡೆಯ ಬುಡದಲ್ಲಿ ಅಂಗೈ ಅಗಲದ ಗುಲಾಬಿ ಕಲೆ. ಹೆಂಡತಿಯನ್ನು ಕರೆದು ತೋರಿಸಿದೆ. "ಅಲ್ರಿ, ಇದು ಮಳೀ ನೀರ ಅಲ್ಲ, ಬ್ಯಾಸಿಗಿ ಬಿರುಕ ಐತಿ" ಎಂದಳು. ಪೂರ್ತಿ ವಿಷಯ ಅವಳ ಆ ಒಂದು ಮಾತಿನಲ್ಲಿದೆ. ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿದರೆ ಅದರೊಳಗೆ ನೀರು ಬೇಗ ಹರಿಯುವುದೇ ಇಲ್ಲ. ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ದೊಡ್ಡ ಮಳೆ ಬೀಳುವಾಗ ಬಿರುಕು ತೆರೆದೇ ಇರುತ್ತದೆ, ಆಗ ನೀರು ನೇರ ಬುಡಕ್ಕೆ ಇಳಿದು ಕೂರುತ್ತದೆ. ಅಂದರೆ ಬಿರುಕು ಮುಚ್ಚುವುದಲ್ಲ, ಬೀಳದ ಹಾಗೆ ನೋಡಿಕೊಳ್ಳಬೇಕು.

ಆ ಬೇಸಿಗೆ ಎರಡು ಕೆಲಸ ಮಾಡಿದೆ. ಮಾಳಿಗೆ ನೀರಿನ ಪೈಪುಗಳು ಗೋಡೆ ಬುಡದಲ್ಲೇ ಬೀಳುತ್ತಿದ್ದವು, ಅವನ್ನು ದೂರದ ಗಟಾರಕ್ಕೆ ತಿರುಗಿಸಿದೆ. ಮೂರೂವರೆ ಸಾವಿರ. ಇದನ್ನು ಹತ್ತು ವರ್ಷ ಮೊದಲೇ ಮಾಡಬೇಕಿತ್ತು. ಆಮೇಲೆ ಗೋಡೆಯಿಂದ ನಾಲ್ಕು ಫೂಟು ಅಗಲಕ್ಕೆ, ಒಂದೂವರೆ ಫೂಟು ಆಳಕ್ಕೆ ಎರೆ ಮಣ್ಣು ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ ಧಮ್ಮಸು ಹೊಡೆಸಿ, ಮೇಲೆ ಶಹಾಬಾದ್ ಫರಸಿ ಕಲ್ಲು ಹಾಸಿದೆ. ಇಳಿಜಾರು ಫೂಟಿಗೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ, ಹೊರಕ್ಕೆ. ಎಲ್ಲ ಸೇರಿ 28 ಸಾವಿರ. ಗರಸಿನ ಮಾತು ಬಂದಾಗ ನಮ್ಮ ಅಜ್ಜನ ಊರಿನ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ನೆನಪಾಗುತ್ತದೆ. ಅವರು ಜೋಳದ ಹಗೇವು ತೆಗೆದದ್ದು ಊರೊಳಗಿನ ಎತ್ತರದ ಗರಸು ನೆಲದಲ್ಲಿ. ಎರೆ ಹೊಲದಲ್ಲಿ ಯಾರೂ ಹಗೇವು ತೋಡಲಿಲ್ಲ. ನಾವು ಅದೇ ಎರೆಯಲ್ಲಿ ಕೋಣೆ ಕಟ್ಟಿ ಕೂತಿದ್ದೇವೆ.

2023 ಬರಗಾಲ. ಮಳೆ ಸರಿಯಾಗಿ ಆಗಲಿಲ್ಲ, ಹಾಗಾಗಿ ಕೆಲಸ ಗೆದ್ದಿತೋ ಸೋತಿತೋ ಗೊತ್ತಾಗಲಿಲ್ಲ. ಆದರೆ 2024ರ ಜನವರಿಗೇ ಫರಸಿಯ ಅಂಚಿನಲ್ಲಿ ಹೊಸ ಬಿರುಕು ಶುರುವಾಯಿತು. ಗೋಡೆ ಪಕ್ಕ ಇದ್ದದ್ದು ನಾಲ್ಕು ಫೂಟು ದೂರ ಸರಿದಿತ್ತು ಅಷ್ಟೇ. ಹಾಗಾಗಿ ಅಂಚಿನ ಗುಂಟ ಹದಿನಾರು ಎಂಎಂ ಡ್ರಿಪ್ ಪೈಪು ಎಳೆದೆ. ಒಂದೂವರೆ ಫೂಟಿಗೊಂದರಂತೆ ಸುಮಾರು 22 ಡ್ರಿಪ್ಪರ್, ತಾಸಿಗೆ ನಾಲ್ಕು ಲೀಟರಿನವು. ವಾರಕ್ಕೆ ಎರಡು ಸಲ, ಒಂದೂವರೆ ತಾಸು. ಒಂದು ಸಲಕ್ಕೆ 130 ಲೀಟರ್ ಆಗುತ್ತದೆ. ಡ್ರಿಪ್ಪಿಗೆ ಎರಡು ಸಾವಿರದ ಆರುನೂರು ಕೊಟ್ಟ ನೆನಪು.

ನಳದ ನೀರು ಐದಾರು ದಿನಕ್ಕೊಮ್ಮೆ ಬರುತ್ತಿದ್ದ ಊರಲ್ಲಿ ಮಣ್ಣಿಗೆ ಕುಡಿಯುವ ಮಲಪ್ರಭಾ ನೀರು ಹಾಕಲು ಮನಸ್ಸಾಗಲಿಲ್ಲ. ಮೊದಲು ವಾಷಿಂಗ್ ಮಷೀನಿನ ನೀರು ಬಿಟ್ಟು ನೋಡಿದೆ. ಮೂರು ವಾರದಲ್ಲಿ ಮಣ್ಣು ಸಾಬೂನಿನ ಹಾಗೆ ಜಿಗುಟಾಗಿ, ಮೇಲೆ ತೊಗಲು ಕಟ್ಟಿ, ನೀರು ಇಳಿಯುವುದೇ ನಿಂತಿತು. ಸಾಬೂನು ಪುಡಿಯ ಸೋಡಾ ಎರೆ ಮಣ್ಣಿಗೆ ಆಗುವುದಿಲ್ಲ. ಆ ಮಣ್ಣು ಕೆದರಿ ತೆಗೆದು ಬೋರಿನ ನೀರಿಗೆ ಬಂದೆ. ಬೋರಿನ ನೀರಿಗೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತವೆ, ಅದು ಹೊಲದವರಿಗೆಲ್ಲ ಗೊತ್ತಿದ್ದದ್ದೇ.

ಎಷ್ಟು ಒದ್ದೆ ಇರಬೇಕು ಎಂದರೆ, ಮಣ್ಣು ಹಿಡಿದು ಒತ್ತಿದರೆ ಉಂಡೆ ಆಗಬೇಕು, ಕೈಗೆ ಮೆತ್ತಬಾರದು. ಅಂಚಿನ ಹೊರಗೆ ನಾನು ಇನ್ನೊಂದು ವಸ್ತು ಹೊದಿಸುತ್ತೇನೆ, ಅದರಿಂದ ನೀರು ಅರ್ಧಕ್ಕರ್ಧ ಉಳಿಯುತ್ತದೆ. ಅದು ಏನು ಎಂದು ಇನ್ನೊಂದು ಬೇಸಿಗೆ ನೋಡಿಕೊಂಡು ಬರೆಯುತ್ತೇನೆ.

ಒಳಗಿನ ಹಸಿ ಅಳೆಯಲು ನನ್ನ ಸಾಧನ ಖಡಕ್ ರೊಟ್ಟಿ. ರಾತ್ರಿ ಒಂದು ರೊಟ್ಟಿಯನ್ನು ಕೆಳಗಿನ ಹಲಗೆ ಮೇಲೆ ಬಿಚ್ಚಿ ಇಡುತ್ತೇನೆ. ಬೆಳಿಗ್ಗೆ ಟಕ್ ಎಂದು ಮುರಿದರೆ ಕೋಣೆ ಒಣಗಿದೆ. ಬಾಗಿ, ಆಮೇಲೆ ಮುರಿದರೆ ಎಚ್ಚರ. ತೊಗಲಿನ ಹಾಗೆ ಬಾಗಿಯೇ ಉಳಿದರೆ ಅವತ್ತೇ ಜೋಳ ಮೇಲೆ ಸಾಗಿಸಬೇಕು. ಗಾಳಿಯ ತೇವ ಅಳೆಯುವ ನಾನೂರು ರೂಪಾಯಿಯ ಮೀಟರ್ ಜೊತೆ ಇಟ್ಟು ನೋಡಿದೆ. ತೇವ ಶೇಕಡಾ ಅರವತ್ತರ ಕೆಳಗಿದ್ದರೆ ಟಕ್ ಅನ್ನುತ್ತದೆ, ಎಪ್ಪತ್ತು ದಾಟಿದರೆ ಬಾಗುತ್ತದೆ. ಸುಣ್ಣದ ಹರಳು ಬುಟ್ಟಿಯಲ್ಲಿಟ್ಟು ಹಸಿ ಹೀರಿಸುವ ಪ್ರಯೋಗವನ್ನೂ ಮಾಡಿದೆ. ಮೂರು ದಿನ ಪರವಾಗಿಲ್ಲ, ಆಮೇಲೆ ಅರಳಿ ಪುಡಿಯಾಗಿ ಎಲ್ಲ ಕಡೆ ಹಾರಿತು. ಬಿಟ್ಟೆ. ಆದರೆ ಟೈಲ್ಸ್ ಕಿತ್ತ ಗೋಡೆಗೆ ಸುಣ್ಣ ಬಳಿದದ್ದು ಚೆನ್ನಾಗಿ ನಿಂತಿದೆ. ಗೋಡೆ ಉಸಿರಾಡುತ್ತದೆ. ಸವಳು ಕಂಡರೆ ಒಣ ಬ್ರಷ್‌ನಿಂದ ಉಜ್ಜಿ ಬುಟ್ಟಿಗೆ ಹಿಡಿಯಬೇಕು, ನೀರು ಹಚ್ಚಿ ತೊಳೆದರೆ ಉಪ್ಪು ವಾಪಸ್ ಒಳಗೆ ಹೋಗುತ್ತದೆ.

2024ರ ಮಳೆಗಾಲದಲ್ಲಿ ನಮ್ಮ ಓಣಿಯ ಎರಡು ಬೇಸ್‌ಮೆಂಟಿಗೆ ನೀರು ನುಗ್ಗಿತು. ನಮ್ಮಲ್ಲಿ ರೊಟ್ಟಿ ಆರಿದ್ರಾ, ಪುಷ್ಯ ಮಳೆಯಲ್ಲಿ ಬಾಗಿತು, ಅದು ಗಾಳಿಯ ಹಸಿ. ಗೋಡೆ ಮಾತ್ರ ಒಣ. ಕಾಕಾ ಬಂದು ಅಂಗೈ ಇಟ್ಟು ನೋಡಿದರು, ಆಮೇಲೆ ಕೆನ್ನೆ ಇಟ್ಟು ನೋಡಿದರು. ಏನೂ ಹೇಳಲಿಲ್ಲ. ಮರುವರ್ಷ ಶಿವರಾತ್ರಿ ಆದ ಮೇಲೆ ಡ್ರಿಪ್ಪರ್ ಎಲ್ಲಿ ಸಿಗುತ್ತವೆ ಎಂದು ಕೇಳಿದರು.

2025ರಲ್ಲಿ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಹಿಂದಿನ ವರ್ಷ ನಾನು ರೋಹಿಣಿ ಮಳೆಗೆ ಡ್ರಿಪ್ ನಿಲ್ಲಿಸಿದ್ದೆ, ಈ ಸಲ ಎರಡು ವಾರ ಮೊದಲೇ ನಿಲ್ಲಿಸಬೇಕಾಯಿತು. ಇದು ಮುಖ್ಯ. ಮಳೆಗಾಲಕ್ಕೆ ಮುಂಚಿನ ಅಡ್ಡ ಮಳೆ ಎರಡು ಸಲ ಚೆನ್ನಾಗಿ ಬಿದ್ದರೆ ಪೈಪು ಬಂದ್. ಒಳಗೆ ನೀರು ಬಂದರೆ ಎತ್ತಿ ಹಾಕಲು ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಹೊಂಡ, ಅದಕ್ಕೊಂದು ಪಂಪು ಇದೆ. ಮಿರಗದ ಮೊದಲು ಆ ಹೊಂಡಕ್ಕೆ ಎರಡು ಕೊಡ ನೀರು ಸುರಿದು ಪಂಪು ತಾನೇ ಶುರುವಾಗುತ್ತದೆಯೋ ನೋಡುತ್ತೇನೆ. ಕಳೆದ ಸಲ ಫ್ಲೋಟ್ (ನೀರು ಏರಿದಾಗ ತೇಲಿ ಪಂಪು ಶುರು ಮಾಡುವ ಭಾಗ) ಸಿಕ್ಕಿಕೊಂಡಿತ್ತು, ಎತ್ತಿ ನೋಡಿದರೆ ಕೆಳಗೆ ಜೋಳದ ಹೊಟ್ಟು. ಈಗ ಹೊಂಡಕ್ಕೆ ಜಾಳಿಗೆ ಹಾಕಿದ್ದೇನೆ, ಹದಿನೈದು ದಿನಕ್ಕೊಮ್ಮೆ ಅದನ್ನು ಮಗಳು ತೊಳೆಯುತ್ತಾಳೆ.