ಕಾಲು ಮಾತ್ರೆಯ ಲೆಕ್ಕ: ವಯಸ್ಸಾದವರ ನಿದ್ದೆ ಮಾತ್ರೆ ಇಳಿಸುವ ಬಗೆ

ನಿದ್ದೆ ಮಾತ್ರೆ ಬಿಡಬೇಕು ಎಂದು ಬರುವ ಹಿರಿಯರಿಗೆ ನಾನು ಮೊದಲ ದಿನ ಡೋಸ್ ಮುಟ್ಟುವುದಿಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಅನ್ನುತ್ತೇನೆ. ರಾತ್ರಿಯ ಆಲ್‌ಪ್ರಜೋಲಾಂ ಅಥವಾ ಕ್ಲೋನಜೆಪಾಂ ಎಲ್ಲರಿಗೂ ಗೊತ್ತಿರುತ್ತದೆ. ಗ್ಯಾಸ್ಟ್ರಿಕ್‌ಗೆಂದು ನುಂಗುವ ಮಾತ್ರೆಯಲ್ಲಿ ಕ್ಲಿಡಿನಿಯಂ ಜೊತೆ ಅದೇ ಜಾತಿಯ ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿರುವುದು ಗೊತ್ತಿರುವುದಿಲ್ಲ. ಖಿನ್ನತೆಗೆ ಕೊಡುವ ಎಸಿಟಲೋಪ್ರಾಂ ಜೊತೆ ಕ್ಲೋನಜೆಪಾಂ, ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಜೊತೆ ಕ್ಲೋನಜೆಪಾಂ, ಹೀಗೆ ಜೋಡಿ ಮಾತ್ರೆಗಳೂ ಸಿಗುತ್ತವೆ. ಜೋಡಿ ಮಾತ್ರೆಯನ್ನು ಅರ್ಧ ಮಾಡಿದರೆ ಎರಡು ಔಷಧಗಳನ್ನು ಒಟ್ಟಿಗೆ ಇಳಿಸಿದಂತೆ. ಆಮೇಲೆ ಎದೆ ಹೊಡೆದುಕೊಂಡರೆ ಅದು ಯಾವುದರಿಂದ ಎಂದು ಹೇಳಲಾಗದು. ಆದ್ದರಿಂದ ಮೊದಲು ಎರಡನ್ನೂ ಬೇರೆ ಬೇರೆ ಮಾತ್ರೆಗಳಾಗಿ ಬರೆದುಕೊಡುತ್ತೇನೆ, ಡೋಸ್ ಅಷ್ಟೇ ಇರುತ್ತದೆ.

ಮನೆಯಲ್ಲೇ ಕುಳಿತು ಇಳಿಸಬಾರದವರೂ ಇದ್ದಾರೆ: ಫಿಟ್ಸ್ ಬಂದವರು, ಹಿಂದೆ ಮಾತ್ರೆ ನಿಲ್ಲಿಸಿದಾಗ ಫಿಟ್ಸ್ ಅಥವಾ ಭ್ರಮೆ ಆದವರು, ದಿನಾ ಕುಡಿಯುವವರು, ಟ್ರಮಡಾಲ್‌ನಂಥ ನೋವಿನ ಮಾತ್ರೆಗೂ ಒಗ್ಗಿದವರು, ಬದುಕು ಬೇಡ ಅನ್ನುವ ಮಾತಾಡುವವರು. ಇವರನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಬೇಕು. ನಿದ್ದೆಯಲ್ಲಿ ಕೈಕಾಲು ಬೀಸಿ ಕೂಗುವ ಕಾಯಿಲೆಗೆ ಕ್ಲೋನಜೆಪಾಂ ಕೊಟ್ಟಿದ್ದರೆ ಅದನ್ನು ಇಳಿಸುವ ತೀರ್ಮಾನ ನರರೋಗ ತಜ್ಞರದು.

ಇನ್ನು ಲೆಕ್ಕ. ವರ್ಷಗಟ್ಟಲೆ ಈ ಮಾತ್ರೆ ನುಂಗಿದ ಮೆದುಳು ತನ್ನನ್ನು ತಾನೇ ಶಾಂತಗೊಳಿಸುವ ಗಾಬಾ ವ್ಯವಸ್ಥೆಯನ್ನು ಮಂದ ಮಾಡಿಕೊಂಡಿರುತ್ತದೆ. ಅದು ಮತ್ತೆ ಚುರುಕಾಗಲು ವಾರಗಳು ಬೇಕು. 2025ರಲ್ಲಿ ಅಮೆರಿಕದ ವ್ಯಸನ ವೈದ್ಯರ ಸಂಘ ಇತರ ಸಂಘಗಳ ಜೊತೆ ಸೇರಿ ಹೊರಡಿಸಿದ ಮಾರ್ಗಸೂಚಿ 2ರಿಂದ 4 ವಾರಕ್ಕೊಮ್ಮೆ ಶೇಕಡ 5ರಿಂದ 10 ಇಳಿಸಿ ಶುರುಮಾಡಿ, ಎರಡು ವಾರಕ್ಕೆ ಶೇಕಡ 25 ಮೀರಬೇಡಿ ಎನ್ನುತ್ತದೆ. ಎಪ್ಪತ್ತು ದಾಟಿದವರಿಗೆ ನಾನು ನಿಧಾನದ ತುದಿಯನ್ನೇ ಹಿಡಿಯುತ್ತೇನೆ.

ರಾತ್ರಿಗೆ ಆಲ್‌ಪ್ರಜೋಲಾಂ 0.5 ಮಿ.ಗ್ರಾಂ ಎಂದುಕೊಳ್ಳಿ. ಅದನ್ನು 0.25ರ ಎರಡು ಮಾತ್ರೆಗಳಾಗಿ ಬರೆಯುತ್ತೇನೆ, ಅಂದರೆ ಎಂಟು ಕಾಲುಗಳು. ಒಂದು ಕಾಲು ತೆಗೆದರೆ ಶೇಕಡ 12.5 ಇಳಿದಂತೆ. ಮಾರ್ಗಸೂಚಿಗಿಂತ ತುಸು ಹೆಚ್ಚೇ, ಅದಕ್ಕೇ ಪ್ರತಿ ಮೆಟ್ಟಿಲಿಗೆ 3–4 ವಾರ. ಒಂದೂಮುಕ್ಕಾಲು, ಒಂದೂವರೆ, ಒಂದೂಕಾಲು, ಒಂದು: ಇಲ್ಲಿಯತನಕ ಹೆಚ್ಚಿನವರು ಸಲೀಸಾಗಿ ಬರುತ್ತಾರೆ. ಎಡವುವುದು ಇದರ ಮುಂದೆ. ತೆಗೆಯುವುದು ಅದೇ ಕಾಲು ಮಾತ್ರೆಯಾದರೂ ಒಂದರಿಂದ ಮುಕ್ಕಾಲಿಗೆ ಇಳಿದರೆ ಶೇಕಡ 25, ಅರ್ಧದಿಂದ ಕಾಲಿಗೆ ಶೇಕಡ 50, ಕಾಲಿನಿಂದ ಸೊನ್ನೆಗೆ ಪೂರ್ತಿ ನೂರು. "ಇಷ್ಟು ದಿನ ಚೆನ್ನಾಗಿತ್ತು, ಕೊನೇ ಚೂರಿಗೆ ಜೀವ ಹೋದಂಗಾಯ್ತು" ಅನ್ನುವುದಕ್ಕೆ ಕಾರಣ ಈ ಲೆಕ್ಕವೇ. ಆ ಚೂರಲ್ಲಿ ಏನಿದೆ, ಬಿಟ್ಟುಬಿಡಿ ಎನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ.

ಕೊನೆಯ 0.25ಕ್ಕೆ ನಾನು ಹಿಡಿಯುವ ದಾರಿ ಅದೇ ಜಾತಿಯ ಡಯಾಜೆಪಾಂ. ಆಲ್‌ಪ್ರಜೋಲಾಂ 0.25 ಸುಮಾರು ಡಯಾಜೆಪಾಂ 5 ಮಿ.ಗ್ರಾಂಗೆ ಸಮ. ಇದರ 2 ಮಿ.ಗ್ರಾಂ ಮಾತ್ರೆಯ ಕಾಲು ಅಂದರೆ 0.5, ಹಾಗಾಗಿ 5, 4.5, 4 ಎಂದು ಸಣ್ಣ ಸಣ್ಣದಾಗಿ ಇಳಿಯಬಹುದು. ಮೊದಲ ವಾರ ಅರ್ಧ ಆಲ್‌ಪ್ರಜೋಲಾಂ, ಜೊತೆಗೆ 2.5 ಡಯಾಜೆಪಾಂ, ಆಮೇಲೆ ಪೂರ್ತಿ ಡಯಾಜೆಪಾಂ. ಇದು ದೇಹದಿಂದ ಬಹಳ ನಿಧಾನವಾಗಿ ಹೋಗುವುದರಿಂದ ಕೊನೆಯ ಮೆಟ್ಟಿಲು ತಾನೇ ಇಳಿಜಾರಾಗುತ್ತದೆ. ಇದರ ತೊಂದರೆಯೂ ಅದೇ: ವಯಸ್ಸಾದವರಲ್ಲಿ ಔಷಧ ಶೇಖರವಾಗಿ ಹಗಲೆಲ್ಲ ತೂಕಡಿಕೆ, ನಡಿಗೆಯಲ್ಲಿ ತೂರಾಟ. ಲಿವರ್ ಕೆಟ್ಟವರಿಗೆ, ಈಗಾಗಲೇ ಬಿದ್ದವರಿಗೆ, ಉಸಿರಾಟದ ತೊಂದರೆ ಇರುವವರಿಗೆ ನಾನು ಬದಲಿಸುವುದಿಲ್ಲ. ಇದ್ದ ಮಾತ್ರೆಯಲ್ಲೇ ಮೆಟ್ಟಿಲಿಗೆ ಆರು ವಾರ ಕೊಡುತ್ತೇನೆ. ಒಟ್ಟಿನಲ್ಲಿ ಒಂಬತ್ತು ತಿಂಗಳಿಂದ ವರ್ಷದ ಕೆಲಸ.

ಕತ್ತರಿಸಲು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಪಿಲ್ ಕಟರ್ ಸಾಕು, ಬ್ಲೇಡು ಬೇಡ. ನಾಲ್ಕು ಕಾಲು ಒಂದೇ ಸಮ ಬರುವುದಿಲ್ಲ. ಒಂದೇ ಮಾತ್ರೆಯ ಕಾಲುಗಳನ್ನು ಸಾಲಾಗಿ ನಾಲ್ಕು ದಿನ ತೆಗೆದುಕೊಂಡರೆ ಏರುಪೇರು ಸರಿಹೋಗುತ್ತದೆ. ಎಸ್‌ಆರ್ ಎಂದು ಬರೆದ, ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ ಕತ್ತರಿಸುವಂತಿಲ್ಲ. ಬಾಯಲ್ಲಿ ಕರಗುವ ಕ್ಲೋನಜೆಪಾಂ ಪುಡಿಯಾಗುತ್ತದೆ, ಸಾಮಾನ್ಯ ಮಾತ್ರೆಗೆ ಬದಲಿಸಿಕೊಳ್ಳಿ.

ಪ್ರತಿ ಮೆಟ್ಟಿಲಲ್ಲೂ ತೊಂದರೆಗೆ ಒಂದು ಹೊತ್ತಿದೆ. ಆಲ್‌ಪ್ರಜೋಲಾಂ ಇಳಿಸಿದರೆ ಒಂದೆರಡು ದಿನಕ್ಕೇ, ಕ್ಲೋನಜೆಪಾಂ, ಡಯಾಜೆಪಾಂ ಇಳಿಸಿದರೆ ವಾರ ಕಳೆದ ಮೇಲೂ ಶುರುವಾಗಬಹುದು: ನಿದ್ದೆಗೇಡು, ಎದೆ ಡವಡವ, ಕೈನಡುಕ, ಬೆವರು, ಕಿವಿಯಲ್ಲಿ ಗುಂಯ್, ಪಾತ್ರೆ ಸದ್ದೂ ತಡೆಯಲಾಗದ ಸಿಡಿಮಿಡಿ. ಇದನ್ನು ಮನೆಯವರಿಗೂ ಮುಂಚೆಯೇ ಹೇಳಿರಬೇಕು. ಇಲ್ಲದಿದ್ದರೆ ಮೂರನೇ ರಾತ್ರಿಗೆ ಸೊಸೆಯೋ ಮಗನೋ ಕನಿಕರಪಟ್ಟು ಒಂದು ಪೂರ್ತಿ ಮಾತ್ರೆ ಕೊಟ್ಟುಬಿಡುತ್ತಾರೆ. ಹೀಗೆ ಆಗಾಗ ಹೆಚ್ಚು ಕೊಟ್ಟರೆ ಮೆದುಳು ಒಗ್ಗುವುದೇ ಇಲ್ಲ. ತೀರಾ ಕಷ್ಟವಾದರೆ ಮುಂದಿನ ಮೆಟ್ಟಿಲು ತಡಮಾಡಿ. ಅದಕ್ಕೂ ಬಗ್ಗದಿದ್ದರೆ ವೈದ್ಯರನ್ನು ಕೇಳಿ ಒಂದೇ ಮೆಟ್ಟಿಲು ಹಿಂದೆ ಹೋಗಿ. ರಾಗಿ ಒಕ್ಕಣೆ, ಸಿದ್ಧಗಂಗೆ ಜಾತ್ರೆಗೆ ನೆಂಟರು ತುಂಬಿದ ವಾರ, ಕಣ್ಣಿನ ಪೊರೆ ಆಪರೇಷನ್, ಇಂಥ ಹೊತ್ತಲ್ಲಿ ಹೊಸ ಕಡಿತ ಬೇಡ.

ಈ ವಯಸ್ಸಿನಲ್ಲಿ ನಿಜವಾದ ಕಷ್ಟ ಯಾವುದು ಮಾತ್ರೆಯದು, ಯಾವುದಲ್ಲ ಎಂದು ಬೇರೆ ಮಾಡುವುದು. ಶುಗರ್ ಇರುವವರು ಬೆವರಿ ನಡುಗಿದರೆ ಮೊದಲು ಗ್ಲುಕೋಮೀಟರ್. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ. ತಲೆ ತಿರುಗಿದರೆ ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಇಳಿದರೆ ಬಿಪಿ ಮಾತ್ರೆಯನ್ನೇ ಮರುಪರಿಶೀಲಿಸಬೇಕು. ಇದ್ದಕ್ಕಿದ್ದಂತೆ ಗೊಂದಲ, ಊರು-ಹೊತ್ತು ತಪ್ಪಿದ ಮಾತು ಬಂದರೆ ಮೂತ್ರದ ಸೋಂಕು, ರಕ್ತದ ಸೋಡಿಯಂ ಎರಡನ್ನೂ ನೋಡುತ್ತೇನೆ. ಎಸಿಟಲೋಪ್ರಾಂ ಜೊತೆ ನೀರಿನ ಮಾತ್ರೆಯೂ (ಮೂತ್ರ ಹೆಚ್ಚು ಹೋಗಿಸುವುದು) ಇದ್ದರೆ ಸೋಡಿಯಂ ಇಳಿಯುವುದು ಅಪರೂಪವಲ್ಲ. ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಮೂಳೆ ನೊಂದವರಿಗೆ ಬಿಗಿತ ಮೊದಲೇ ಇರುತ್ತದೆ. ಇಳಿಸುವ ಮುಂಚೆ ಅದು ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳದಿದ್ದರೆ ಎಲ್ಲವೂ ಮಾತ್ರೆ ಬಿಟ್ಟಿದ್ದರ ತಲೆಗೆ ಬರುತ್ತದೆ.

ಬೇರೆ ಔಷಧಗಳೂ ಆಟ ಕೆಡಿಸುತ್ತವೆ. ಹುಳುಕಡ್ಡಿಗೆ ಕೊಡುವ ಇಟ್ರಕೊನಜೋಲ್ ಆಲ್‌ಪ್ರಜೋಲಾಂ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಕೋರ್ಸ್ ಮುಗಿದಾಗ ಮಟ್ಟ ಇಳಿದು, ಡೋಸ್ ಬದಲಿಸದೆಯೇ ಚಡಪಡಿಕೆ ಶುರು. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಇದಕ್ಕೆ ತಿರುವುಮುರುವು. ನಿದ್ದೆ ಬರಲಿ ಎಂದು ಶೀತದ ಮಾತ್ರೆ ನುಂಗುವುದು ಬೇಡವೇ ಬೇಡ. ಗೊಂದಲ, ಮೂತ್ರ ಕಟ್ಟುವುದು, ಮಲಬದ್ಧತೆ ಮೂರೂ ಬರುತ್ತವೆ.

ನಿದ್ದೆಯ ಕೆಲಸ ಕಡಿತಕ್ಕೆ ಎರಡು ವಾರ ಮುಂಚೆಯೇ ಶುರುವಾಗಬೇಕು. ನಮ್ಮ ಹಳ್ಳಿಗಳಲ್ಲಿ ಎಂಟಕ್ಕೆ ಮುದ್ದೆ ಉಂಡು ಎಂಟೂವರೆಗೆ ಮಲಗುತ್ತಾರೆ, ಎರಡೂವರೆಗೆ ಎಚ್ಚರ. ನಿದ್ದೇನೇ ಇಲ್ಲ ಅನ್ನುವ ದೂರಿನೊಳಗೆ ಆರು ಗಂಟೆ ನಿದ್ದೆ ಆಗಿಹೋಗಿರುತ್ತದೆ. ದಿನಾ ಎಷ್ಟು ನಿದ್ದೆ ಎಂದು ಬರೆದು, ಸರಾಸರಿಗೆ ಅರ್ಧ ಗಂಟೆ ಸೇರಿಸಿ, ಅಷ್ಟೇ ಹೊತ್ತು ಹಾಸಿಗೆ. ಆರು ಗಂಟೆಗಿಂತ ಕಡಿಮೆ ಮಾಡುವುದಿಲ್ಲ. ಏಳುವ ಹೊತ್ತು ಐದು ಎಂದರೆ ಐದೇ, ಮಲಗುವುದು ಹತ್ತೂವರೆಗೆ. ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಕುರ್ಚಿಯಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಮಲಗಬೇಕು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಮೂರರೊಳಗೆ. ಕಾಫಿ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಲಿ. ನೀರಿನ ಮಾತ್ರೆ ಸಂಜೆಗಿದ್ದರೆ ವೈದ್ಯರನ್ನು ಕೇಳಿ ಬೆಳಗ್ಗೆಗೆ ಸರಿಸಿಕೊಳ್ಳಿ. ರಾತ್ರಿ ಮೂರು ಸಲ ಏಳುವುದೇ ಅರ್ಧ ನಿದ್ದೆಗೇಡು. ಬಚ್ಚಲು ಹೊರಗಿದ್ದರೆ ಈ ತಿಂಗಳುಗಳಲ್ಲಿ ಮಂಚದ ಪಕ್ಕ ಮೂತ್ರದ ಪಾತ್ರೆ, ಸಣ್ಣ ದೀಪ. ಏಳುವ ಮುಂಚೆ ಒಂದು ನಿಮಿಷ ಮಂಚದ ಅಂಚಲ್ಲಿ ಕೂರಬೇಕು.

ಎದೆ ಹೊಡೆದುಕೊಂಡಾಗ ನಾಲ್ಕು ಎಣಿಸಿ ಉಸಿರೆಳೆದು ಆರು ಎಣಿಸಿ ಬಿಡುವುದು, ಐದು ನಿಮಿಷ. ಎದೆನೋವು, ಏದುಸಿರು ಇದ್ದರೆ ಉಸಿರಾಟದ ಅಭ್ಯಾಸ ಬೇಡ, ಇಸಿಜಿ ಬೇಕು. ಕಿವಿಯ ಗುಂಯ್‌ಗೆ ನಿಶ್ಶಬ್ದ ಒಳ್ಳೆಯದಲ್ಲ, ಮೆಲ್ಲಗೆ ರೇಡಿಯೋ ಇರಲಿ.

ಫಿಟ್ಸ್, ಇಲ್ಲದ್ದು ಕಾಣುವುದು, ಜ್ವರದೊಂದಿಗೆ ಗೊಂದಲ, ಸಾಯುವ ಮಾತು, ಇವುಗಳಿಗೆ ಕಾಯಬಾರದು, ನೇರ ಆಸ್ಪತ್ರೆ. ಮನಸ್ಸು ಕುಗ್ಗಿದಾಗ ಮಾತಾಡಲು ಟೆಲಿ ಮನಸ್ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಖಾಲಿಯಾಗಿ ದಿಢೀರನೆ ನಿಲ್ಲುವುದೂ ಅಪಾಯವೇ. ಆಲ್‌ಪ್ರಜೋಲಾಂ, ಡಯಾಜೆಪಾಂ ಎಚ್1 ಪಟ್ಟಿಯಲ್ಲಿರುವುದರಿಂದ ಅಂಗಡಿಯವರು ಚೀಟಿ ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು; ಹಳೇ ಚೀಟಿ ನಂಬಿಕೊಂಡು ಕೊನೆಯ ದಿನದವರೆಗೆ ಕಾಯಬೇಡಿ.

ಪೂರ್ತಿ ಬಿಟ್ಟ ಮೇಲೆ ಉಳಿದ ಮಾತ್ರೆ ಮನೆಯಲ್ಲಿರಬಾರದು. ದೇಹ ಈಗ ಹಳೆಯ ಡೋಸಿಗೆ ಒಗ್ಗಿಲ್ಲ. ಅಂದು ನಿದ್ದೆಗೂ ಸಾಲದಿದ್ದ 0.5 ಇಂದು ಬೀಳಿಸಿ ಸೊಂಟದ ಮೂಳೆ ಮುರಿಸಬಲ್ಲದು. ಯಾವುದೇ ಆಪರೇಷನ್‌ಗೆ ಹೋದಾಗ ಅರಿವಳಿಕೆ ವೈದ್ಯರಿಗೆ ಎಷ್ಟು ವರ್ಷ ನುಂಗಿದ್ದು, ಯಾವಾಗ ಬಿಟ್ಟದ್ದು ಎಂದು ಮೊದಲೇ ಹೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಮತ್ತೆ ನಿದ್ದೆ ಮಾತ್ರೆ ಸೇರಿದೆಯೇ ಎಂದು ಮನೆಗೆ ಹೊರಡುವ ಮುಂಚೆ ನೋಡಿಕೊಳ್ಳಿ.